ಪಾಲಕ್ ತಿಂದ ಮೀನು

ನನ್ನ ಗಂಡ ರೈಲಿನಲ್ಲಿ ಗಾರ್ಡ್ ಆಗಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಳ್ಳಾರಿಯ ಕ್ವಾರ್ಟರ್ಸಿನ ನಮ್ಮ ನಡುಮನೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಇತ್ತು. ಅದರ ತುಂಬ ಸಮುದ್ರದ ನೀರು. ಮದ್ರಾಸಿನ ಕಡೆಯ ರೈಲ್ವೆ ಸ್ನೇಹಿತರು ಆ ನೀರನ್ನು ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿ ಗುಂತಕಲ್ ಜಂಕ್ಷನ್ನಿಗೆ ತಂದುಕೊಡುತ್ತಿದ್ದರು. ಇವರು ಅಲ್ಲಿಂದ ಹೊತ್ತು ತರುತ್ತಿದ್ದರು. ಓಣಿಯ ಹೆಂಗಸರು ಕುಡಿಯುವ ನೀರಿಗೆ ನಳದ ಮುಂದೆ ಸಾಲು ನಿಂತಾಗ ನಮ್ಮವರು ಆಟೋದಿಂದ ಉಪ್ಪುನೀರು ಇಳಿಸುತ್ತಿದ್ದರು. ಅದನ್ನು ನೋಡಿ ಯಾರಿಗೂ ನಗು ತಡೆಯುತ್ತಿರಲಿಲ್ಲ.

ಮೊದಮೊದಲು ತೊಟ್ಟಿಯಲ್ಲಿ ಬೆರಳುದ್ದದ ಮೀನುಗಳು ಇದ್ದವು. ಒಂದು ವರ್ಷ ಅವು ಸಾಯದೆ ಉಳಿದ ಮೇಲೆ ಇವರಿಗೆ ಧೈರ್ಯ ಬಂತು. ದೊಡ್ಡದೊಂದು ಏಂಜಲ್ ಮೀನು ತರಬೇಕು ಅಂದರು. ಒಂದು ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದರಂತೆ. ಊಟದ ತಟ್ಟೆಯಷ್ಟು ಅಗಲ, ನೀಲಿ ಮೈ, ಮೇಲೆ ಹಳದಿ ಗೆರೆಗಳು. ಅಂಥ ಮೀನು ಒಂದೇ ಇರಬೇಕು, ಎರಡಿದ್ದರೆ ಕಚ್ಚಾಡಿ ಸಾಯುತ್ತವೆ, ಆದ್ದರಿಂದ ಆರಿಸುವಾಗ ತಪ್ಪಬಾರದು ಎಂದು ದಿನಾ ಹೇಳುತ್ತಿದ್ದರು.

ಅದೇ ಹೊತ್ತಿಗೆ ನಮ್ಮ ಅತ್ತೆ ಸಿರುಗುಪ್ಪದಿಂದ ಕಣ್ಣಿನ ಪೊರೆ ತೆಗೆಸಲು ಬಂದು ನಮ್ಮಲ್ಲಿದ್ದರು. ಭತ್ತದ ಗದ್ದೆಗಳ ಮನೆಯವರು, ಎರಡು ಹೊತ್ತು ಲಿಂಗಪೂಜೆ ತಪ್ಪಿಸಿದವರಲ್ಲ. ಮಗ ಮೀನಿನ ಹೆಸರು ಹೇಳಿದಾಗ ಜಪದ ಸರ ಹಿಡಿದ ಕೈ ನಿಂತಿತು.

"ಎಂಜಲ್ ಮೀನಾ? ಯಾರ ಎಂಜಲಪಾ ಅದು?"

"ಎಂಜಲಲ್ಲವ್ವ, ಏಂಜಲ್. ಇಂಗ್ಲಿಷಿನಾಗ ದೇವದೂತ ಅಂತ ಅರ್ಥ."

"ದೇವದೂತನೋ ಯಮದೂತನೋ. ಮನ್ಯಾಗ ಇಟ್ಕೋ, ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕ ತಿನ್ನಾಕ ಮಾಂಸ ಗೀಂಸ ಅಂತ ಈ ಹೊಸ್ತಿಲ ದಾಟಿ ತಂದಿ ಅಂದ್ರ, ನಾ ಸಿರುಗುಪ್ಪದ ಬಸ್ ಹತ್ತಾಕಿ."

ಸಣ್ಣ ಮೀನುಗಳು ಡಬ್ಬಿಯ ಒಣ ಪುಡಿ ತಿಂದು ಬದುಕಿದ್ದವು. ಆ ಪುಡಿಯಲ್ಲಿ ಏನಿದೆ ಎಂದು ಅತ್ತೆ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ದೊಡ್ಡ ಮೀನಿಗೆ ಪುಡಿ ಸಾಲುತ್ತಿರಲಿಲ್ಲ. ಈ ಜಾತಿಯಲ್ಲಿ ಕೆಲವು ಪಾಚಿ ಮೇಯುತ್ತವೆ, ಸೊಪ್ಪು ಕೊಟ್ಟರೂ ತಿನ್ನುತ್ತವೆ ಎಂದು ಇವರು ಓದಿದ್ದರು. ಹಾಗಾಗಿ ನಾವಿಬ್ಬರೂ ಮದ್ರಾಸಿಗೆ ಹೊರಟಾಗ ನನ್ನ ಚೀಲದಲ್ಲಿ ಬಟ್ಟೆಯ ಜೊತೆ ಒದ್ದೆ ಪಂಚೆಯಲ್ಲಿ ಸುತ್ತಿದ ಪಾಲಕ್ ಸೊಪ್ಪೂ ಇತ್ತು.

ಅಂಗಡಿ ಒಂದು ಇಕ್ಕಟ್ಟಾದ ಬೀದಿಯಲ್ಲಿತ್ತು. ಅಂಗಡಿಯಾತ ತೆಲುಗಿನವ. ಬಳ್ಳಾರಿಯವರಿಗೆ ತೆಲುಗು ಹೇಳಿಕೊಡಬೇಕೆ, ಮಾತುಕತೆ ನಾನೇ ವಹಿಸಿಕೊಂಡೆ. ಅವನಲ್ಲಿ ಆವತ್ತು ಮೂರು ಏಂಜಲ್ ಮೀನು ಇದ್ದವು.

ಮೊದಲನೆಯದನ್ನು ಕಂಡ ಕೂಡಲೇ ಇವರ ಕಾಲು ಅಲ್ಲೇ ನಿಂತವು. ಪುಸ್ತಕದ ಚಿತ್ರದಲ್ಲಿದ್ದದ್ದೇ ಅದು. ಕಣ್ಣಿಗೆ ಕಪ್ಪು ಪಟ್ಟಿ, ಮೈತುಂಬ ಇಳಕಲ್ ಸೀರೆಯ ಗೆರೆಯಂಥ ಹಳದಿ ಗೆರೆ. ಎರಡನೆಯದು ಕಂದು ಮೈಯ ಮೇಲೆ ನೀಲಿ ಬಳೆ ಬರೆದಂತಿತ್ತು. ಮೂರನೆಯದು ನನ್ನ ಅಂಗೈಗಿಂತ ಸಣ್ಣದು, ಇನ್ನೂ ಮರಿ. ಕಡುನೀಲಿ ಮೈ ಮೇಲೆ ಬಾಗಿದ ಬಿಳಿ ಗೆರೆಗಳು, ನಮ್ಮಲ್ಲಿ ಹಣೆಗೆ ಬಳಿದ ವಿಭೂತಿಯ ಹಾಗೆ. ಅದು ಮೂಲೆಯ ಕಲ್ಲಿನ ಸಂದಿಯಲ್ಲಿ ಮುಖ ಹಾಕಿ ಏನನ್ನೋ ಕುಟ್ಟುತ್ತಿತ್ತು.

ಇವರು ಮೊದಲನೆಯದರ ಮುಂದಿಂದ ಕದಲಲಿಲ್ಲ. "ಇದನ್ನ ಕಟ್ಟಾಕ ಹೇಳು," ಅಂದರು.

ನಾನು ಕುರುಗೋಡಿನ ಒಕ್ಕಲುತನದ ಮನೆಯ ಮಗಳು. ಅಪ್ಪ ಎತ್ತು ಕೊಳ್ಳುವುದನ್ನು ನೋಡುತ್ತಲೇ ಬೆಳೆದಿದ್ದೆ. ಸಂತೆಯಲ್ಲಿ ಅವರು ಮೊದಲು ಕೊಂಬು, ಬಣ್ಣ ನೋಡುತ್ತಿರಲಿಲ್ಲ. ಒಂದು ಹಿಡಿ ಮೇವು ಮುಂದೆ ಹಿಡಿಯುತ್ತಿದ್ದರು. ಮೂಸಿ ಮುಖ ತಿರುಗಿಸಿದ ಎತ್ತು ಎಷ್ಟೇ ಚಂದ ಇರಲಿ, ಮುಂದಕ್ಕೆ ನಡೆದುಬಿಡುತ್ತಿದ್ದರು. ನಾನು ಚೀಲದಿಂದ ಪಾಲಕ್ ತೆಗೆದೆ.

ಅಂಗಡಿಯಾತ ಅದನ್ನು ನೋಡಿ ನಕ್ಕ. ಆದರೂ ಒಂದು ಎಲೆಯನ್ನು ದಾರದಲ್ಲಿ ಸಣ್ಣ ಕಲ್ಲಿಗೆ ಕಟ್ಟಿ ಮೊದಲ ತೊಟ್ಟಿಗೆ ಬಿಟ್ಟ. ಹಳದಿ ಗೆರೆಯ ಮೀನು ಎಲೆಯ ಸುತ್ತ ಒಂದು ಸಲ ಬಂದು, ಅದು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೋಗಿಬಿಟ್ಟಿತು. ಸಿಗಡಿಯ ಚೂರು ಹಾಕಿ ಅಂದೆ. ಅದನ್ನೂ ಮುಟ್ಟಲಿಲ್ಲ. ಉಸಿರು ಬೇರೆ ಜೋರಾಗಿ ಎಳೆಯುತ್ತಿತ್ತು.

"ನಿನ್ನೆ ತಾನೇ ಬಂದದ್ದಮ್ಮ. ಮನೆಗೆ ಹೋದ ಮೇಲೆ ತಿನ್ನುತ್ತದೆ," ಅಂದ ಅಂಗಡಿಯಾತ.

"ಇಲ್ಲಿ ತಿನ್ನದ್ದು ಅಲ್ಲಿ ಹೆಂಗ ತಿಂದೀತು?" ಎಂದು ನಾನು ತೆಲುಗಿನಲ್ಲಿ ಕೇಳಿದೆ.

ಬಳೆಯ ಮೀನು ಸಿಗಡಿ ಕಂಡು ನುಗ್ಗಿತು, ಸೊಪ್ಪು ಕಂಡು ಹಿಂದೆ ಸರಿಯಿತು. ಮೂರನೆಯ ತೊಟ್ಟಿಗೆ ಎಲೆ ಇಳಿಸಿದಾಗ ಆ ಮರಿ ಸಂದಿಯಿಂದ ಹೊರಬಂತು. ಎಲೆಯ ಅಂಚನ್ನು ಒಮ್ಮೆ ಕಿತ್ತು, ಬಾಯಿಂದ ಬಿಟ್ಟು, ಮತ್ತೆ ಹಿಡಿಯಿತು. ನೋಡುತ್ತಾ ನಿಂತಂತೆ ಎಲೆಯಲ್ಲಿ ತೂತು ಬಿತ್ತು.

"ಇದು ನಮ್ಮ ಮನಿ ಮೀನು," ಅಂದೆ.

ಮರಿಯಾಗಿ ತಂದದ್ದು ತೊಟ್ಟಿಗೆ ಬೇಗ ಒಗ್ಗುತ್ತದೆ, ದೊಡ್ಡದಾದ ಮೇಲೆ ಹಿಡಿದದ್ದು ಗಾಜಿಗೆ ಮೂತಿ ತಿಕ್ಕಿ ಸೊರಗುತ್ತದೆ ಎಂದು ಪುಸ್ತಕ ಓದಿ ನನಗೆ ಹೇಳಿದ್ದವರೇ ಇವರು. ಆದರೂ ಮನಸ್ಸು ಆ ಹಳದಿ ಗೆರೆಗಳ ಮೇಲಿತ್ತು. ಗಾಳಿ ತುಂಬಿದ ಚೀಲದಲ್ಲಿ ಮರಿಯನ್ನು ಕಟ್ಟಿಸಿ, ಥರ್ಮೋಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗುಂತಕಲ್ಲಿನ ತನಕ ಕೂತು ಬಂದರು.

ಅತ್ತೆಗೆ ಆಗ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು. ಅದರಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತಿತ್ತು. ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, "ಎಮ್ಮಿ ಕರುವಿನಷ್ಟು ಐತಲ್ಲೋ ಇದು," ಅಂದರು. ಮೈಮೇಲಿನ ವಿಭೂತಿಯಂಥ ಗೆರೆ ನೋಡಿ ಮೆಚ್ಚಿದರು. ಅದು ಸೊಪ್ಪು ಮೇಯುವುದನ್ನು ಕಂಡ ಮೇಲಂತೂ ಪೂಜೆ ಮುಗಿಸಿ ನೇರ ಅಲ್ಲಿಗೇ ಬರುತ್ತಿದ್ದರು. ಸೊಪ್ಪು ತೊಳೆದು ಕಲ್ಲಿಗೆ ಕಟ್ಟುವ ಕೆಲಸ ತಾನಾಗಿಯೇ ಅವರ ಪಾಲಿಗೆ ಹೋಯಿತು. ಊರಿಗೆ ಹೋಗುವ ಮಾತು ಎತ್ತಲೇ ಇಲ್ಲ.

ಬೇಸಿಗೆ ಬಂತು. ಬಳ್ಳಾರಿಯ ಬಿಸಿಲಿಗೆ ತೊಟ್ಟಿಯ ನೀರು ಕಾಯಬಾರದೆಂದು ಒದ್ದೆ ಗೋಣಿ ಸುತ್ತಿದೆವು. ಕರೆಂಟು ಹೋದಾಗ ಲಾರಿಯ ಟ್ಯೂಬಿಗೆ ಗಾಳಿ ತುಂಬಿಟ್ಟು, ಅದರಿಂದ ಸಣ್ಣ ನಳಿಗೆಯಲ್ಲಿ ಗಾಳಿ ಬಿಡುತ್ತಿದ್ದೆವು. ಮೀನು ತಾಳಿಕೊಂಡಿತು. ಆದರೆ ಮಳೆಗಾಲದ ಹೊತ್ತಿಗೆ ಅದರ ಬಣ್ಣ ಮಾಸಿತು. ತಲೆಯ ಹಿಂದಿನ ಮಾಂಸ ಒಳಕ್ಕೆ ಹೋಗಿ ಬೆನ್ನು ಚೂಪಾಯಿತು. ಸೊಪ್ಪು ತಿನ್ನುತ್ತಲೇ ಇತ್ತು, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಬರೀ ಸೊಪ್ಪಿನಿಂದ ಆಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಇವರು ಮೀನನ್ನು ಮದ್ರಾಸಿಗೆ ವಾಪಸ್ ಕೊಡುವ ಯೋಚನೆಯಲ್ಲಿದ್ದರು.

ಒಂದು ಮಧ್ಯಾಹ್ನ ಅತ್ತೆ ಸ್ಟೂಲಿನಿಂದ ನನ್ನನ್ನು ಕರೆದರು.

"ಇದಕ್ಕ ಸಮುದ್ರದಾಗ ಏನು ಆಹಾರ ಐತಿ? ಖರೇ ಹೇಳು."

"ಪಾಚಿ ತಿಂತೈತಿ. ಜೊತಿಗೆ ಸಣ್ಣಪುಟ್ಟ ಜೀವಾನೂ ತಿಂತೈತಿ, ಅತ್ತಿ."

ಅವರು ಗಾಜಿನ ಮೇಲೆ ಬೆರಳಿಟ್ಟರು. ಮೀನು ಅವರ ಬೆರಳಿನ ಎದುರಿಗೇ ಬಂದು ನಿಂತಿತ್ತು, ಅವರನ್ನು ಗುರುತು ಹಿಡಿಯುತ್ತಿತ್ತು.

"ನಾ ಲಿಂಗ ಕಟ್ಟೀನಿ. ಅದೇನ್ ಕಟ್ಟೈತಾ?" ಅಂದರು ಕೊನೆಗೆ. "ನನ್ನ ನೇಮ ನನಗ ಇರ್ಲಿ. ಅದರ ಹೊಟ್ಟಿಗೆ ಯಾಕ ಹಾಕೂದು? ನಮ್ಮೂರ ಹತ್ರ ರಾರಾವಿ ಕಡಿ ಹೊಳಿಯಾಗ ಸಿಗಡಿ ಹಿಡೀತಾರ. ನಮ್ಮ ಗದ್ದಿಗೆ ಬರೋ ಆಳಿಗೆ ಹೇಳಿದ್ರ ಬಸ್ಸಿನಾಗ ಕಳಿಸ್ತಾನ. ಹಿತ್ತಲ ಕಲ್ಲಿನ ಮ್ಯಾಲ ನಿನ್ನ ಗಂಡ ಕೊಯ್ಲಿ. ಚಾಕು ಬ್ಯಾರೆ ಇರ್ಲಿ. ಅಡಿಗಿಮನಿ ಕಡಿ ಬರಬಾರ್ದು."

ಸಂಜೆ ಡ್ಯೂಟಿಯಿಂದ ಬಂದ ಇವರಿಗೆ ನಾನು ಇದನ್ನು ಹೇಳಿದಾಗ, ಟೋಪಿ ಕೈಯಲ್ಲೇ ಹಿಡಿದು ತಾಯಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

ಹಾಗೆಯೇ ನಡೆಯಿತು. ಸಿಗಡಿ ಹಾಕುವ ಹೊತ್ತಿಗೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಆದರೆ ಮಗ ಮರೆತರೆ ಒಳಗಿನಿಂದಲೇ, "ಅದರ ಊಟ ಆತೇನು?" ಎಂದು ಕೇಳುತ್ತಿದ್ದರು. ಮೀನಿನ ಬೆನ್ನು ತುಂಬಿತು. ಅದು ಅಂಗೈ ಮೀರಿ ಬೆಳೆಯಿತು.

ಮರುವರ್ಷ ಬಿಳಿ ಗೆರೆಗಳು ಅಳಿಸತೊಡಗಿದವು. ಇವರು ಮತ್ತೆ ರೋಗ ಎಂದು ಹೆದರಿ ನೀರು ಬದಲಿಸಿದರು, ಉಪ್ಪು ಅಳೆದರು. ರೋಗವಲ್ಲ, ಮೀನು ಪ್ರಾಯಕ್ಕೆ ಬರುತ್ತಿತ್ತು. ಕಡುನೀಲಿ ಹೋಗಿ ಹಸಿರು ಬೆರೆತ ಹೊನ್ನಿನ ಬಣ್ಣ ಬಂತು. ಮೈತುಂಬ ನೀಲಿ ಚುಕ್ಕೆಗಳು, ರೆಕ್ಕೆಯ ಅಂಚಿಗೆ ನೀಲಿ ಹೊಲಿಗೆ. ಪುಸ್ತಕದ ಮೀನಿನಂತೆ ಆಗಲಿಲ್ಲ, ಅದು ಬೇರೆಯೇ ಜಾತಿ. "ಅವತ್ತು ನಾ ಇದನ್ನ ನೋಡಾಕೂ ಬಗ್ಗಿರಲಿಲ್ಲ," ಎಂದು ಇವರು ಒಂದು ದಿನ ಗಾಜು ಒರೆಸುತ್ತಾ ಹೇಳಿದರು. ನಾನು ಬಟ್ಟೆ ಮಡಿಸುತ್ತಿದ್ದೆ, ಸುಮ್ಮನೆ ಹೂಂ ಅಂದೆ.

ಕೆಲವು ವರ್ಷಗಳ ನಂತರ ಇವರಿಗೆ ವರ್ಗವಾಯಿತು. ಹೊಸ ಊರಿನ ಮನೆಗೆ ಆ ತೊಟ್ಟಿ ಹಿಡಿಯುತ್ತಿರಲಿಲ್ಲ. ಮೀನು ಆಗ ಊಟದ ತಟ್ಟೆಯಷ್ಟು ಅಗಲವಾಗಿತ್ತು. ಮದ್ರಾಸಿನ ಅದೇ ಅಂಗಡಿಯಾತ, ತನ್ನ ಪರಿಚಯದ ಒಬ್ಬ ವೈದ್ಯರ ಮನೆಯಲ್ಲಿ ಇನ್ನೂ ದೊಡ್ಡ ತೊಟ್ಟಿ ಇದೆ, ಅವರು ಇಟ್ಟುಕೊಳ್ಳುತ್ತಾರೆ ಎಂದ. ಕೊಡಲು ಹೊರಟಾಗ, ಅಷ್ಟರಲ್ಲಿ ಊರಿಗೆ ಮರಳಿದ್ದ ಅತ್ತೆಯೂ ಸಿರುಗುಪ್ಪದಿಂದ ಬಂದು ಗಾಡಿ ಹತ್ತಿದರು. ಯಾರೂ ಕರೆದಿರಲಿಲ್ಲ.

ವೈದ್ಯರ ಮನೆಯಲ್ಲಿ ಮೀನು ಹೊಸ ನೀರಿಗಿಳಿದು ಕಲ್ಲುಗಳ ನಡುವೆ ಒಂದು ಸುತ್ತು ಬರುವ ತನಕ ಅತ್ತೆ ನಿಂತಿದ್ದರು. ಆಮೇಲೆ "ನಡೀರಿ," ಅಂದರು.

ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಅವರನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದೆವು. ಹೊಳೆ, ಕಾಲುವೆ ಬಿಟ್ಟು ಬೇರೆ ನೀರು ಕಂಡವರಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು, ಮಗನ ತೋಳು ಹಿಡಿದು, ತೆರೆ ಬಂದು ಪಾದ ತೊಯ್ಯುವಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಇಷ್ಟು ನೀರು ಇಟ್ಕೊಂಡು ಒಂದು ಗದ್ದಿಗೂ ಹಾಯ್ಸಾಕ ಬರಂಗಿಲ್ಲಲ್ಲ," ಅಂದರು.

ಇವರು ನಕ್ಕರು. ಅತ್ತೆ ನಗಲಿಲ್ಲ, ಇನ್ನೊಂದು ತೆರೆ ಬರಲಿ ಎಂದು ಅಲ್ಲೇ ನಿಂತರು.