ಕತ್ತರಿ ಹಚ್ಚಬಾರದ ಕಂಕಣ

ಆಲಮಟ್ಟಿ ಕಡೆ ವಾಟರ್ ಪಾರ್ಕಿಗೆ ನಮ್ಮ ಸೋದರತ್ತಿನ್ನ ಕರಕೊಂಡು ಹೋಗಿದ್ದೆ. ಬಾಗಿಲದಾಗ ಒಬ್ಬ ಹುಡುಗಿ ಆಕಿ ಕೈಗೆ ಚಿಪ್ ಇರೋ ಪಟ್ಟಿ ಕಟ್ಟಿದ್ಲು. ಅದನ್ನ ಮಷಿನ್ನಿಗೆ ಹಿಡಿದ್ರ ಸಾಕು, ಗೇಟು, ಲಾಕರು ಎಲ್ಲಾ ತೆರೀತಿದ್ವು. ಅತ್ತಿ ಬೇಕಂತನ ನಾಕ ಸಲ ಲಾಕರ್ ತೆಗದು ನೋಡಿದ್ಲು.

ಸಂಜಿಕೆ ಹೊರಗ ಬರುಮುಂದ ಕಾವಲುಗಾರ ಪಟ್ಟಿ ತೆಗಿಯಾಕ ಕತ್ತರಿ ಹಿಡಕೊಂಡು ಬಂದ. ಅತ್ತಿ ಕೈ ಸೆರಗಿನಾಗ ಮುಚ್ಚಿಕೊಂಡ್ಲು.

"ಕಟ್ಟಿದ ಕಂಕಣಕ್ಕ ಕತ್ತರಿ ಹಚ್ತಾರೇನೋ? ಕಟ್ಟಿದಾಕಿನ್ನ ಕರಿ, ಆಕಿನ ಬಿಚ್ಚಲಿ."

"ಆಕಿ ಡ್ಯೂಟಿ ಮುಗಿಸಿ ಮನಿಗೆ ಹೋಗ್ಯಾಳ್ರಿ ಯವ್ವಾ."

"ಹಂಗಾರ ನಾಳೆ ಬರ್ತೇನಿ ತಗೋ."

ಹಿಂದ ನಿಂತ ಮಂದಿ ಒದರಾಕತ್ತಿತು. ಅವ ಸೋತು ಕೈ ಮುಗದ, ಹೋಗ್ರಿ ಅಂದ.

ಹೂವಿನ ಹಿಪ್ಪರಗಿ ಬಸ್ಸಿನಾಗ ಕಂಡಕ್ಟರ್ ಆಧಾರ್ ಕಾರ್ಡ್ ತೋರಸ್ರಿ ಅಂದ. ಅತ್ತಿ ಮುಂಗೈ ಎತ್ತಿ ಅವನ ಟಿಕೆಟ್ ಮಷಿನ್ನಿಗೆ ಒತ್ತಿದ್ಲು. ಅದು ಸುಮ್ನ ಇತ್ತು.

"ನಿನ್ ಮಷಿನ್ ಕೆಟ್ಟೈತಿ ನೋಡು ತಮ್ಮಾ," ಅಂದ್ಲು.

ಈಕಿ ಯಾರೋ ನನಗ ಗೊತ್ತಿಲ್ಲ ಅನ್ನೋರಂಗ ನಾನು ಕಿಟಕಿ ಹೊರಗ ನೋಡಾಕತ್ತಿದ್ದೆ. ನನ್ನ ಕಡೆ ಬಟ್ಟು ಮಾಡಿ, "ಬೇಕಾದ್ರ ನಮ್ಮ ಹುಡುಗನ್ನ ಕೇಳು," ಅಂದ್ಲು.