ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಖಾಸೀಂಬಿ

ಬೆಳಗಿನ ಆರು ಗಂಟೆ. ಅಫಜಲಪುರ ತಾಲ್ಲೂಕಿನ ಅತನೂರಿನ ಮನೆಯೊಂದರಲ್ಲಿ ಖಾಸೀಂಬಿ ಮೊಬೈಲ್ ಬೆಳಕು ಹಿಡಿದು, ಮಂಚದ ಮೇಲಿರುವ ಗಂಡಸಿನ ಬಲಸೊಂಟದ ಚರ್ಮ ನೋಡುತ್ತಿದ್ದಾರೆ. ಅಲ್ಲೊಂದು ರೂಪಾಯಿಯಗಲದ ಕೆಂಪು ಕಲೆ. ನಿನ್ನೆ ಇರಲಿಲ್ಲ. ಬೆರಳಿನಿಂದ ಒತ್ತಿ ಬಿಡುತ್ತಾರೆ. ಒತ್ತಿದ ಜಾಗ ಬೆಳ್ಳಗಾಗಿ, ತುಸು ಹೊತ್ತಿಗೆ ಮತ್ತೆ ಕೆಂಪಗಾಗುತ್ತದೆ. ಬಾಗಿಲಲ್ಲಿ ನಿಂತ ಆತನ ಹೆಂಡತಿ ವಿಜಯಶ್ರೀ ಅದನ್ನೇ ನೋಡುತ್ತಿದ್ದಾರೆ.

“ರಕ್ತ ಓಡಾಕತ್ತದ್ರಿ ಅಕ್ಕೋರೆ. ಒತ್ತಿದ್ರೂ ಬೆಳ್ಳಗ ಆಗಲಿಲ್ಲಂದ್ರ ಅಂಜಬೇಕು” ಎನ್ನುವ ಖಾಸೀಂಬಿ, ಮಂಚದತ್ತ ತಿರುಗುತ್ತಾರೆ. “ನಿನ್ನಿ ಸಂಜಿಗಿ ಎಷ್ಟೊತ್ತು ಈ ಮಗ್ಗಲಿಗಿ ಮಲಗಿ ಬಲ್ಬ್ ರಿಪೇರಿ ಮಾಡಿದಿ ತಮ್ಮಾ?”

“ಎರಡು ತಾಸು, ಚಾಚಿ.”

“ಸುಳ್ಳ ಹೇಳಬ್ಯಾಡ.”

“ನಾಕು ತಾಸು.”

ಮಂಚದ ಮೇಲಿರುವವರು ಶಾಂತಕುಮಾರ, ವಯಸ್ಸು ಮೂವತ್ತೆಂಟು. ಕಂಬ ಹತ್ತಿ ವಿದ್ಯುತ್ ತಂತಿ ಎಳೆಯುವ ಗುತ್ತಿಗೆ ಕೆಲಸದಲ್ಲಿದ್ದರು. ಆರು ವರ್ಷಗಳ ಹಿಂದೆ ಸೊನ್ನ ಗ್ರಾಮದ ಹತ್ತಿರ ಕಂಬದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಕೈಗಳು ಚೆನ್ನಾಗಿವೆ, ಎದೆಯಿಂದ ಕೆಳಗೆ ಮುಟ್ಟಿದ್ದು, ಸುಟ್ಟಿದ್ದು ಯಾವುದೂ ತಿಳಿಯುವುದಿಲ್ಲ. ಗುತ್ತಿಗೆದಾರ ಕೊಟ್ಟ ಪರಿಹಾರ ಆಸ್ಪತ್ರೆಯಲ್ಲೇ ಕರಗಿತು. ವಿಜಯಶ್ರೀ ಪಕ್ಕದೂರಿನ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಆಕೆ ಶಾಲೆಗೆ ಹೋಗಬೇಕಾದರೆ ಖಾಸೀಂಬಿ ಬರಬೇಕು. ಖಾಸೀಂಬಿಗೆ ಪಗಾರ ಕೊಡಬೇಕಾದರೆ ಆಕೆ ಶಾಲೆಗೆ ಹೋಗಬೇಕು.

ಐವತ್ತೊಂದರ ಖಾಸೀಂಬಿ ಈ ಕೆಲಸ ಕಲಿತದ್ದು ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅಲ್ಲಿ ಆಯಾ ಆಗಿದ್ದರು. ಅತ್ತೆ ಬೀಬಿಜಾನ್‌ಗೆ ಕಣ್ಣು ಕಾಣದಂತಾದಾಗ ಊರಿಗೆ ಮರಳಿದರು. ಈಗ ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಈ ಮನೆಯಲ್ಲಿ ದುಡಿತ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಚೀಲ ಅಳೆದು ಖಾಲಿ ಮಾಡುವುದು, ಮೈ ಒರೆಸುವುದು, ಹಿಮ್ಮಡಿಯ ಕೆಳಗೆ ಮೆತ್ತನೆ ಬಟ್ಟೆ ಇಡುವುದು. ತಿಂಗಳಿಗೆ ಆರು ಸಾವಿರ. ನಡುವೆ ಅವರ ಫೋನ್ ಬಡಿದರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತಾರೆ. “ಮನ್ಯಾಗ ನಮ್ಮತ್ತಿ ಒಬ್ಬಾಕಿನೇ ಇರ್ತಾಳ್ರಿ. ಬಾಜು ಮನಿ ಮಾಳಮ್ಮ ಆಗಾಗ ಹಣಿಕಿ ಹಾಕ್ತಾಳ. ಬಿದ್ದಾಳೋ, ಒಲಿ ಮುಟ್ಯಾಳೋ ಅಂತ ಎದಿ ಹೊಡಕೋತದ.”

ಅತಿಥಿ ಶಿಕ್ಷಕರ ಸಂಬಳ ಶಾಲೆ ನಡೆದಷ್ಟು ದಿನ ಮಾತ್ರ. ಬೇಸಿಗೆ ಸೂಟಿ (ರಜೆ) ಬಂತೆಂದರೆ ನಿಂತುಹೋಗುತ್ತದೆ. ಕಳೆದ ಏಪ್ರಿಲ್‌ನಲ್ಲಿ ವಿಜಯಶ್ರೀ, “ಎರಡು ತಿಂಗಳು ನಾನೇ ನೋಡ್ಕೋತೇನಿ ಚಾಚಿ, ನೀವು ಬ್ಯಾರೆ ಕೆಲಸ ನೋಡ್ಕೋರಿ” ಎಂದಿದ್ದರು. ಅತ್ತೆಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಖಾಸೀಂಬಿ ಸೊಲ್ಲಾಪುರಕ್ಕೆ ದಿನಗೂಲಿಗೆ ಹೋದರು. ಹನ್ನೊಂದನೆಯ ದಿನ ಫೋನ್ ಬಂತು: “ಚಾಚಿ, ಟೊಂಕದ ಕೆಳಗ ಕರ್ರಗ ಆಗ್ಯದ. ವಾಸನಿ ಬರಾಕತ್ತದ.”

ಸಿಕ್ಕ ಬಸ್ಸು ಹತ್ತಿ ಬಂದ ಖಾಸೀಂಬಿ, ಬಟ್ಟೆ ಸರಿಸಿ ನೋಡಿದವರೇ ಗಾಡಿ ಕರೆಸಿದರು. ಶಾಂತಕುಮಾರರಿಗೆ ಜ್ವರ ಏರಿ ಮಾತು ತೊದಲುತ್ತಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಕೊಳೆತ ಮಾಂಸ ಕತ್ತರಿಸಿ ತೆಗೆದರು. ಜೀವ ಉಳಿಯಿತು, ಬಿಲ್ಲು ಮಾತ್ರ ಖಾಸೀಂಬಿಯ ಒಂದು ವರ್ಷದ ಪಗಾರವನ್ನೂ ದಾಟಿತು.

“ಎರಡು ತಿಂಗಳ ಪಗಾರ ಉಳಸಾಕ ಹೋಗಿ ಅವರನ್ನೇ ಕಳ್ಕೋತಿದ್ದೆ” ಎನ್ನುತ್ತಾರೆ ವಿಜಯಶ್ರೀ. “ನಾನೂ ಮಗ್ಗಲಾ ಬದಲಸ್ತಿದ್ದೆ. ಆದ್ರ ಎತ್ತಾಕ ಆಗ್ತಿರಲಿಲ್ಲ, ಎಳೀತಿದ್ದೆ. ಚರ್ಮ ಹರದದ್ದು ನನ್ನ ಕೈಲೆ.”

“ಹಂಗ ಅನಬ್ಯಾಡ್ರಿ ಅಕ್ಕೋರೆ” ಎಂದು ಖಾಸೀಂಬಿ ತಡೆಯುತ್ತಾರೆ. “ಅದು ಕಲೀಬೇಕಾದ ಕೆಲಸ. ನನಗೂ ಹುಟ್ಟತಾ ಬಂದಿಲ್ಲ.”

ಈಗ ಮತ್ತೆ ಮಾರ್ಚ್. ಮನೆಯಲ್ಲಿ ಯಾರೂ ಏಪ್ರಿಲ್ ಹೆಸರೆತ್ತುವುದಿಲ್ಲ. ಅಷ್ಟರಲ್ಲಿ ಕಲಬುರಗಿಯಿಂದ ಖಾಸೀಂಬಿಗೆ ಕರೆ ಬಂದಿತ್ತು. ಮನೆಗಳಿಗೆ ಆಯಾಗಳನ್ನು ಕಳಿಸುವವರೊಬ್ಬರದು: ಹಾಸಿಗೆ ಹಿಡಿದ ಮುದುಕಿಯನ್ನು ಹಗಲೂ ರಾತ್ರಿ ನೋಡಿಕೊಳ್ಳಬೇಕು, ಊಟ ವಸತಿ ಕೊಟ್ಟು ಹದಿನಾಲ್ಕು ಸಾವಿರ. “ಆಸಿ ಆತ್ರಿ, ಯಾಕ ಸುಳ್ಳ ಹೇಳಲಿ? ಆ ರೊಕ್ಕದಾಗ ನಮ್ಮತ್ತಿನ ನೋಡಾಕ ಒಬ್ಬಾಕಿನ್ನ ಇಡಬೌದಿತ್ತು. ಮಂದಿ ಅತ್ತಿನ್ನ ನಾ ನೋಡೂದು, ನಮ್ಮತ್ತಿನ್ನ ಮಂದಿ ನೋಡೂದು.” ಮೂರು ದಿನ ವಿಜಯಶ್ರೀಗೆ ಹೇಳಲಾಗಲಿಲ್ಲ.

ಹೇಳಿದ್ದು ಶಾಂತಕುಮಾರರಿಗೆ. ಅವರು ದಿಂಬಿನ ಕೆಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ಆರು ಸಾವಿರ ಎಣಿಸಿಕೊಟ್ಟರು. ಡಿಸೆಂಬರ್‌ನಿಂದ ಊರಿನವರ ಕೆಟ್ಟ ಎಲ್‌ಇಡಿ ಬಲ್ಬು, ಚಾರ್ಜರ್‌ಗಳನ್ನು ಮಲಗಿದಲ್ಲೇ ರಿಪೇರಿ ಮಾಡಿ ಗಳಿಸಿದ್ದು. ಬಲ್ಬಿಗೆ ಇಪ್ಪತ್ತು ರೂಪಾಯಿ.

“ಇದು ಏಪ್ರಿಲ್ ಪಗಾರ. ಮೇ ತಿಂಗಳದು ಇನ್ನೂ ಆಗಿಲ್ಲ, ಮಾಡಾಕತ್ತೇನಿ. ನನ್ನ ಮೈ ನೋಡೂಕಿಗಿ ನಾನೇ ಪಗಾರ ಕೊಡ್ತೇನಿ, ಚಾಚಿ. ಇಷ್ಟರ ಮ್ಯಾಲೆ ಹೋಗೂದಾದ್ರ ಹೋಗ್ರಿ, ನಾ ತಪ್ಪು ತಿಳಿಯಾಂಗಿಲ್ಲ.”

ಖಾಸೀಂಬಿ ಅಂದೇ ಕಲಬುರಗಿಗೆ ಫೋನ್ ಮಾಡಿ, ಬರುವುದಿಲ್ಲ ಎಂದರು. ಆದರೆ ಮೇ ತಿಂಗಳಿಗೆ ಇನ್ನೂ ಇನ್ನೂರಕ್ಕೂ ಹೆಚ್ಚು ಬಲ್ಬುಗಳಾಗಬೇಕು. ಆ ಪಗಾರ ಕೂಡಿಸಲು ಶಾಂತಕುಮಾರ ಒಂದೇ ಮಗ್ಗುಲಲ್ಲಿ ಹೆಚ್ಚು ಹೊತ್ತು ಮಲಗುತ್ತಾರೆ. ಹಾಗೆ ಮಲಗಿದಷ್ಟೂ ಚರ್ಮ ಸೋಲುತ್ತದೆ. ಅದಕ್ಕೇ ಇವತ್ತಿನಿಂದ ಖಾಸೀಂಬಿಯ ಕಟ್ಟಪ್ಪಣೆ: ದಿನಕ್ಕೆ ಎರಡೇ ಬಲ್ಬು, ಅದೂ ತಾವು ಎದುರಿಗಿದ್ದಾಗ. ಹಾಗಾದರೆ ಮೇ ಪಗಾರ ಪೂರ್ತಿ ಆಗಲಿಕ್ಕಿಲ್ಲ ಎಂಬುದು ಮೂವರಿಗೂ ಗೊತ್ತು.

ಮಧ್ಯಾಹ್ನ ಎರಡಕ್ಕೆ ಖಾಸೀಂಬಿ ಚಾದರದ ಎರಡು ತುದಿ ಹಿಡಿದು, ಮೊಣಕಾಲು ಮಂಚಕ್ಕೆ ಒತ್ತಿ, ಶಾಂತಕುಮಾರರನ್ನು ಎಡಕ್ಕೆ ಹೊರಳಿಸುತ್ತಾರೆ. ಹಾಸಿಗೆಯ ಮೇಲೆ ಒಂದು ಸುಕ್ಕೂ ಉಳಿಯದಂತೆ ಅಂಗೈಯಿಂದ ಸವರುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ನಗುತ್ತಾರೆ.

“ಜಾಸ್ತಿ ಬ್ಯಾಡ್ರಿ, ಇಷ್ಟೇ ಪಗಾರ ಹನ್ನೆರಡೂ ತಿಂಗಳು ಸಿಗಲಿ. ಅಕ್ಕೋರು ಕೊಡ್ಲಿ, ಸರಕಾರ ಕೊಡ್ಲಿ, ಯಾರರೆ ಕೊಡ್ಲಿ. ಸಾಲಿಗಿ ಸೂಟಿ ಇರ್ತದ್ರಿ, ಬೆನ್ನಿಗಿ ಸೂಟಿ ಇಲ್ಲ.”