ಬೆಳಕಿಂಡಿಯ ಮೇಲಿನ ಬೀಸುಕಲ್ಲು

ಬಂಕಾಪುರದ ಆಚೆಯ ಊರಿನ ಗುದ್ಲೆಪ್ಪನಿಗೆ ಅನುಮಾನ ಹುಟ್ಟುಗುಣ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ. ಅವನದು ಮಣ್ಣಿನ ಮಾಳಿಗೆಯ ಮನೆ. ನಡುಮನೆಗೆ ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಮಾತ್ರ. ಅದರೊಳಗಿಂದ ಕಳ್ಳ ಇಳಿದಾನೆಂದು ಹಳೆಯ ಬೀಸುಕಲ್ಲಿನ ಹೋಳೊಂದನ್ನು ಮೇಲೆ ಹೊತ್ತೊಯ್ದು, ಅರ್ಧ ಬಾಯಿ ಮುಚ್ಚುವಂತೆ ಅಂಚಿಗೆ ಇಟ್ಟಿದ್ದ. ಉಳಿದರ್ಧದಿಂದ ಬೀಳುವ ಬೆಳಕಿನಲ್ಲಿ ಹೆಂಡತಿ ಶೇಖವ್ವ ಕೂತು ಕೌದಿ ಹೊಲಿಯುತ್ತಿದ್ದಳು. ಮೊಣಕಾಲು ನೋವು ಪಾಪ, ಕೂತರೆ ಬೇಗ ಏಳಲಾರಳು.

ಒಂದು ಬೆಳಿಗ್ಗೆ ಅಡುಗೆಮನೆಯ ಪಾತ್ರೆಗಳು ತಾವಾಗಿಯೇ ಗಲಗಲ ಅಂದವು. ಗುದ್ಲೆಪ್ಪ ನೆಟ್ಟಗೆ ಪಕ್ಕದ ಹಿಟ್ಟಿನ ಗಿರಣಿಗೆ ನುಗ್ಗಿದ.

"ಖಾದರಸಾಬ, ಅದೆಂಥಾ ಮಷಿನ್ ತಂದು ಕುಂದರ್ಸಿಯೋ? ನನ್ನ ಗ್ವಾಡಿ ಬೀಳಿಸಿ ಜಾಗಾ ಹೊಡಿಬೇಕಂತ ಮಾಡಿಯೇನು?"

"ಗುದ್ಲೆಪ್ಪಣ್ಣಾ, ಮುಂಜಾನಿಂದ ಕರೆಂಟ ಇಲ್ಲ. ನನ್ನ ಗಿರಣಿನೂ ನಡಗೇತಿ."

ಕರೆಂಟು ಇಲ್ಲದ್ದರಲ್ಲೂ ಏನೋ ಮಸಲತ್ತಿದೆ ಎಂದುಕೊಳ್ಳುತ್ತ ಗುದ್ಲೆಪ್ಪ ಮನೆಗೆ ಬಂದ. ಅಂಗನವಾಡಿಯಲ್ಲಿ ಟೀಚರ್ ಆಗಿದ್ದ ಸೊಸೆ ವಿದ್ಯಾ ಹೇಳಿದಳು:

"ಅದು ಭೂಕಂಪ ರಿ ಮಾವಾರ. ನೆಲದ ಒಳಗ ಕಲ್ಲಿನ ಪದರ ಜರದ್ರ ಮ್ಯಾಲ ನಡಗತೈತಿ. ಮತ್ತ ಯಾವಾಗ ಬರತೈತಿ ಅನ್ನೂದು ಯಾರಿಗೂ ಗೊತ್ತಾಗೂದಿಲ್ಲ. ಮೊದ್ಲು ಆ ಬೀಸುಕಲ್ಲು ಇಳಸ್ರಿ."

"ಯಾರಿಗೂ ಗೊತ್ತಾಗದ್ದು ನಿನಗ ಹೆಂಗ ಗೊತ್ತಾತು?"

ಹಳೆ ಮನೆ ಕೆಡವಿಸಿ ಸ್ಲ್ಯಾಬಿನ ಮನೆ ಕಟ್ಟಿಸುವ ಹುನ್ನಾರವಿದು ಎಂದು ಅವನಿಗೆ ಖಾತ್ರಿಯಾಯಿತು. ಕಲ್ಲು ಇಳಿಯಲಿಲ್ಲ. ಶೇಖವ್ವನನ್ನಾದರೂ ಬೇರೆ ಕಡೆ ಕೂರಿಸೋಣವೆಂದರೆ, ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಮನೆಯಲ್ಲಿ ಇನ್ನೆಲ್ಲೂ ಇರಲಿಲ್ಲ.

ಅಲ್ಲಿಂದ ಮುಂದೆ ಅತ್ತೆ ಸೊಸೆಯರ ನಡುವೆ ಏನೋ ಗುಸುಗುಸು ಶುರುವಾಯಿತು. ಹೊಲದಿಂದ ಬಂದರೆ ಬಾಗಿಲು ಮುಚ್ಚಿರುತ್ತಿತ್ತು. ಒಳಗಿನಿಂದ "ಇನ್ನೊಮ್ಮಿ ರಿ ಅತ್ತಿ" ಎಂಬ ದನಿ, ಆಮೇಲೆ ಕಿಸಕ್ಕನೆ ನಗು. ಶೇಖವ್ವನ ಸೀರೆ ಮೊಣಕಾಲಿನ ಹತ್ತಿರ ಧೂಳಾಗಿರುತ್ತಿತ್ತು. ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಿರಿಯರು ಹುಗಿದಿಟ್ಟ ಬಂಗಾರ ಇವರಿಗೆ ಸಿಕ್ಕಿತೇ? ಗುದ್ಲೆಪ್ಪ ಕೋಲು ಹಿಡಿದು ನಡುಮನೆಯ ನೆಲವನ್ನೆಲ್ಲ ಕುಟ್ಟಿ ನೋಡಿದ. ಎಲ್ಲೂ ಪೊಳ್ಳು ಸದ್ದು ಬರಲಿಲ್ಲ. ಅವನ ಅನುಮಾನ ಇನ್ನಷ್ಟು ಬಲಿಯಿತು.

ಕೊನೆಗೊಂದು ಮಧ್ಯಾಹ್ನ, ಹೊಲಕ್ಕೆ ಹೊರಟವನಂತೆ ಮಾಡಿ ದನದ ಕೊಟ್ಟಿಗೆಯ ಹಿಂದೆ ಅಡಗಿ ನಿಂತ. ಇವತ್ತು ಇಬ್ಬರನ್ನೂ ಕೈಯಾರೆ ಹಿಡಿಯಬೇಕು.

ಎಮ್ಮೆ ಹಗ್ಗ ಜಗ್ಗಿ ಒದರಿತು. ಕಾಲ ಕೆಳಗಿನ ನೆಲ ಅಲುಗಿತು, ಹಿಂದಿನದಕ್ಕಿಂತ ಜೋರಾಗಿ. ಗುದ್ಲೆಪ್ಪ ಬಾಗಿಲಿಗೆ ಓಡಿದ.

"ಮಾವಾರ, ಒಳಗ ಬರಬ್ಯಾಡ್ರಿ! ಗ್ವಾಡಿ ಬಿಟ್ಟು ಬಯಲಿಗೆ ನಿಂದರ್ರಿ!" ವಿದ್ಯಾ ಒಳಗಿನಿಂದ ಕೂಗಿದಳು.

ಅಷ್ಟರಲ್ಲೇ ಧಡ್ಡೆಂದು ಸದ್ದಾಯಿತು. ಬಾಗಿಲಿನಿಂದ ಮಣ್ಣಿನ ಧೂಳು ಹೊರಗೆ ನುಗ್ಗಿತು. ಬಿದ್ದದ್ದು ಏನೆಂದು ಗುದ್ಲೆಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನಡುಕ ನಿಂತೊಡನೆ ಒಳಗೆ ನುಗ್ಗಿದ. ಬೀಸುಕಲ್ಲು ಕೌದಿಯ ನಟ್ಟನಡುವೆ ಕೂತಿತ್ತು. ಹೊಲಿಯುತ್ತಿದ್ದವಳು ಕಾಣಲಿಲ್ಲ.

"ಶೇಖವ್ವಾ!"

ಹಲಗೆ ಮಂಚದ ಕೆಳಗಿನಿಂದ ಕೆಮ್ಮು ಕೇಳಿತು. ಶೇಖವ್ವ ಒಂದು ಕೈಯಿಂದ ಮಂಚದ ಕಾಲು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈ ತಲೆಯ ಮೇಲಿಟ್ಟುಕೊಂಡು ಮುದುರಿದ್ದಳು. ಪಕ್ಕದಲ್ಲಿ ವಿದ್ಯಾ.

"ನೀ ಅಲ್ಲಿಗೆ ಹೆಂಗ ಹೋದಿ?"

"ಅಂಬೆಗಾಲಿಟ್ಟು ಬಂದೆ. ನೀವು ಹೊಲಕ್ಕ ಹೋದಾಗೆಲ್ಲಾ ಈಕಿ ಇದನ್ನ ಕಲಸ್ತಿದ್ಲು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮಂಚದ ಮ್ಯಾಲೂ ಒಂದು ಕಲ್ಲು ಹೇರ್ತಿದ್ರಿ."

ಮತ್ತೆ ನಡುಗಬಹುದೆಂದು ವಿದ್ಯಾ ಗ್ಯಾಸ್ ಬಂದ್ ಮಾಡಿ, ಇಬ್ಬರನ್ನೂ ಗೋಡೆ, ಕರೆಂಟಿನ ತಂತಿಗಳಿಂದ ದೂರ ಬಯಲಿಗೆ ಕರೆತಂದಳು. ಶೇಖವ್ವನನ್ನು ಗುದ್ಲೆಪ್ಪನೇ ಎತ್ತಿಕೊಂಡು ಬಂದ. ಯಾಕೆ, ಏನು ಎಂದು ಸೊಸೆಯನ್ನು ಕೇಳಲಿಲ್ಲ.

ಖಾದರಸಾಬ ಓಡಿಬಂದು ಬಾಗಿಲಿನಿಂದ ಇಣುಕಿದ. "ಯಾ ಅಲ್ಲಾ! ಇಂಥಾ ಕಲ್ಲು ಮ್ಯಾಲ ಯಾರ ಇಟ್ಟಿದ್ರು?"

ಇವತ್ತು ಗುದ್ಲೆಪ್ಪ ಯಾರ ಹೆಸರು ಹೇಳುತ್ತಾನೋ ಎಂದು ಎಲ್ಲರೂ ಅವನ ಮುಖ ನೋಡಿದರು.

"ನಾನ ಇಟ್ಟಿದ್ದೆ," ಎಂದ ಗುದ್ಲೆಪ್ಪ. ಹೆಂಡತಿಯ ಕೈಯನ್ನು ಮಾತ್ರ ಬಿಡಲಿಲ್ಲ.